ಸಾಲಿಯಾಗ ಮದ್ದು ಯಾಕ ಇಟ್ಟಿದ್ರು?

ಬೀದರಿನ ಮಹಮೂದ್ ಗವಾನ್ ಮದರಸಾಕ್ಕೆ ಮಾಸ್ತರಿಕೆಯ ಮೂವತ್ತು ವರ್ಷಗಳಲ್ಲಿ ಎಷ್ಟು ಸಲ ಮಕ್ಕಳನ್ನು ಕರೆದುಕೊಂಡು ಹೋದೆನೆಂಬುದಕ್ಕೆ ಲೆಕ್ಕವಿಲ್ಲ. ಪ್ರತಿ ಸಲವೂ ಯಾರಾದರೊಬ್ಬರು ಇನ್ನೊಂದು ಮಿನಾರು ಎಲ್ಲಿ ಹೋಯಿತೆಂದು ಕೇಳುತ್ತಿದ್ದರು, ಒಳಗೆ ಇಟ್ಟಿದ್ದ ಮದ್ದು ಸಿಡಿದು ಬಿತ್ತೆಂದು ನಾನು ಹೇಳುತ್ತಿದ್ದೆ, ಮಕ್ಕಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು, ಆಮೇಲೆ ಸಾಲು ಹಿಡಿದು ಕೋಟೆಯ ಕಡೆ ನಡೆಯುತ್ತಿದ್ದೆವು. ನಿವೃತ್ತಿಗೆ ಒಂದು ವರ್ಷ ಉಳಿದಿದ್ದಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಬರೆದುಕೊಳ್ಳದೆ ಹಾಗೇ ನಿಂತು, “ಸರ್, ಇದು ಸಾಲಿ ಇತ್ತಂತ ಈಗ ಹೇಳಿದ್ರಿ. ಸಾಲಿಯಾಗ ಮದ್ದು ಯಾಕ ಇಟ್ಟಿದ್ರು?” ಎಂದಳು. ಬಸ್ಸಿಗೆ ಹೊತ್ತಾಗ್ತದ, ನಡಿ ನಡಿ, ಎಂದು ಗದರಿಸಿ ಅವಳನ್ನು ಮುಂದೆ ಕಳಿಸಿದೆ. ಉತ್ತರ ಗೊತ್ತಿಲ್ಲದ ಮಾಸ್ತರರು ಮಾಡುವ ಕೆಲಸವೇ ಅದು. ಯುದ್ಧದ ಕಾಲದಲ್ಲಿ ಗುಡಿ, ಮಸೀದಿ, ಗ್ರಂಥಾಲಯ, ವಸ್ತುಸಂಗ್ರಹಾಲಯಗಳನ್ನು ಲೂಟಿಯಿಂದ, ನಾಶದಿಂದ ಉಳಿಸಿಕೊಳ್ಳುವುದು ಹೇಗೆಂಬ ದೊಡ್ಡ ವಿಷಯದೊಳಗೆ ನಾನು ಹೊಕ್ಕದ್ದು ಆ ಹುಡುಗಿ ತೆರೆದ ಸಣ್ಣ ಬಾಗಿಲಿನಿಂದ.

ಮದರಸಾ ಕಟ್ಟಿ ಮುಗಿದದ್ದು 1472ರಲ್ಲಿ. ಇರಾನಿನ ಗೀಲಾನ್ ಪ್ರಾಂತ್ಯದಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾಗಿದ್ದ ಮಹಮೂದ್ ಗವಾನ್ ಅದನ್ನು ಕಟ್ಟಿಸಿದ. ಮೂರು ಅಂತಸ್ತು, ನಡುವೆ ವಿಶಾಲವಾದ ಅಂಗಳ, ಪಾಠದ ಹಜಾರಗಳು, ಉಪಾಧ್ಯಾಯರಿಗೂ ವಿದ್ಯಾರ್ಥಿಗಳಿಗೂ ಇರಲು ಕೋಣೆಗಳು, ಒಂದು ಮಸೀದಿ, ಒಂದು ಗ್ರಂಥಭಂಡಾರ. ಅಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಪರಂಪರೆ ಹೇಳುತ್ತದೆ. ಮುಂಭಾಗದ ಗೋಡೆಗೂ ಮಿನಾರಿಗೂ ನೀಲಿ, ಹಳದಿ, ಬಿಳಿ ಬಣ್ಣದ ಹೊಳಪಿನ ಹೆಂಚುಗಳನ್ನು ಹೊದಿಸಿ, ಅವುಗಳ ನಡುವೆ ಕುರಾನಿನ ವಾಕ್ಯಗಳನ್ನು ಬರೆಸಲಾಗಿತ್ತು. ಈಗ ಉಳಿದಿರುವ ಒಂದೇ ಮಿನಾರಿನ ಮೇಲೆ ಬೆಳಗಿನ ಬಿಸಿಲು ಬಿದ್ದಾಗ ಹೆಂಚುಗಳ ಅಂಕುಡೊಂಕು ಸಾಲುಗಳು ಅಲ್ಲಲ್ಲಿ ಇನ್ನೂ ಮಿನುಗುತ್ತವೆ. ಕಟ್ಟಿಸಿದವನ ಗತಿ ಒಳ್ಳೆಯದಾಗಲಿಲ್ಲ. ಶತ್ರುಗಳು ಅವನ ಮುದ್ರೆಯಿದ್ದ ಸುಳ್ಳು ಪತ್ರವೊಂದನ್ನು ಹುಟ್ಟಿಸಿದರು, ಅದನ್ನು ನಂಬಿದ ಸುಲ್ತಾನ 1481ರಲ್ಲಿ ಅವನ ತಲೆ ತೆಗೆಸಿದ. ಆದರೂ ಅವನ ಶಾಲೆ ಉಳಿಯಿತು. ಬಹಮನಿಗಳು ಹೋದರು, ಬರೀದಶಾಹಿಗಳು ಬಂದರು, ಅವರೂ ಹೋಗಿ ಊರು ಬಿಜಾಪುರದ ಆದಿಲಶಾಹಿಗಳ ಕೈಗೆ ಬಿತ್ತು. ಅಷ್ಟರವರೆಗೂ ಕಟ್ಟಡ ಮುಕ್ಕಾಗದೆ ನಿಂತಿತ್ತು.

1657ರಲ್ಲಿ ಔರಂಗಜೇಬ್, ಇನ್ನೂ ಶಹಜಾದೆಯಾಗಿದ್ದಾಗ, ಬೀದರಿಗೆ ಮುತ್ತಿಗೆ ಹಾಕಿದ. ಕೋಟೆಯನ್ನು ಕಾಯುತ್ತಿದ್ದ ವೃದ್ಧ ಸಿದ್ದಿ ಮರ್ಜಾನ್ ಸುಲಭಕ್ಕೆ ಬಗ್ಗುವವನಾಗಿರಲಿಲ್ಲ. ಮೊಗಲರ ಬಾಣವೊಂದರ ಕಿಡಿ ಬುರುಜಿನ ಹಿಂದೆ ಕೂಡಿಟ್ಟಿದ್ದ ಮದ್ದಿಗೆ ತಾಗಿ ಅವನೂ ಅವನ ಮಕ್ಕಳೂ ಸುಟ್ಟು ಗಾಯಗೊಂಡರು, ಇಪ್ಪತ್ತೇಳು ದಿನಗಳ ಮುತ್ತಿಗೆ ಮುಗಿಯಿತು. ಮದ್ದು ಎಲ್ಲಿದ್ದರೆ ಏನಾಗುತ್ತದೆಂಬುದನ್ನು ಗೆದ್ದವರು ಕಣ್ಣಾರೆ ಕಂಡಿದ್ದರು. ಹಾಗಿದ್ದೂ ಊರು ಕೈಗೆ ಬಂದ ಮೇಲೆ ಅವರು ಮದರಸಾವನ್ನು ಕುದುರೆ ಸವಾರರ ಬಿಡಾರವನ್ನಾಗಿಯೂ ಮದ್ದಿನ ಉಗ್ರಾಣವನ್ನಾಗಿಯೂ ಮಾಡಿಕೊಂಡರು. 1696ರ ಸುಮಾರಿಗೆ ಆ ಮದ್ದು ಸಿಡಿಯಿತು. ಸಿಡಿಲು ಬಡಿಯಿತೆಂದು ಒಂದು ಮಾತು, ಕೈತಪ್ಪಿನಿಂದ ಬೆಂಕಿ ತಗಲಿತೆಂದು ಇನ್ನೊಂದು ಮಾತು. ಮುಂಭಾಗದ ಅರ್ಧ, ಒಂದು ಮಿನಾರು, ದಕ್ಷಿಣದ ಕಡೆಯ ಕೋಣೆಗಳು ಹೋದವೆಂಬುದರಲ್ಲಿ ಎರಡು ಮಾತಿಲ್ಲ.

ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು, ಮದರಸಾವನ್ನು ಯಾರೂ ದ್ವೇಷಿಸಲಿಲ್ಲವೆಂಬುದು. ಅದನ್ನು ಹಾಳು ಮಾಡಬೇಕೆಂದು ಯಾರೂ ಬಂದವರಲ್ಲ. ಆಳುತ್ತಿದ್ದ ಬಾದಶಹ ತನ್ನ ಕೈಯಿಂದಲೇ ಕುರಾನಿನ ಪ್ರತಿಗಳನ್ನು ಬರೆಯುತ್ತಿದ್ದವನೆಂದು ಹೆಸರಾದವನು, ಕಟ್ಟಡದ ಹಣೆಯ ಮೇಲಿದ್ದದ್ದೂ ಕುರಾನಿನ ವಾಕ್ಯಗಳೇ. ಗೋಡೆ ದಪ್ಪ, ಅಂಗಳ ದೊಡ್ಡದು, ಮಳೆ ಒಳಗೆ ಬರುವುದಿಲ್ಲ, ಕೋಟೆ ಹತ್ತಿರ. ಯಾವ ದಂಡನಾಯಕನ ಕಣ್ಣಿಗಾದರೂ ಅದು ಅನುಕೂಲವಾದ ಜಾಗವಾಗಿ ಕಂಡಿರಬೇಕು. ಪರಂಪರೆಯ ನಾಶವೆಂದರೆ ನಾವು ಬಾಮಿಯಾನದ ಬುದ್ಧರನ್ನು ನೆನೆಯುತ್ತೇವೆ. 2001ರ ಮಾರ್ಚಿನಲ್ಲಿ, ಒಂದು 55 ಮೀಟರ್, ಇನ್ನೊಂದು 38 ಮೀಟರ್ ಎತ್ತರದ ಆ ಎರಡು ವಿಗ್ರಹಗಳನ್ನು ಹಟಕ್ಕೆ ಬಿದ್ದು ಸಿಡಿಸಿದ ದೃಶ್ಯ ಜಗತ್ತಿನ ಕಣ್ಣ ಮುಂದೆ ಇದೆ. ಅಂಥ ಹಟ ಸುದ್ದಿಯಾಗುತ್ತದೆ. ಅನುಕೂಲ ಸುದ್ದಿಯಾಗುವುದಿಲ್ಲ, ಆದರೆ ಅದರಿಂದ ಬಿದ್ದ ಕಟ್ಟಡಗಳ ಸಂಖ್ಯೆ ಕಡಿಮೆಯೇನಲ್ಲ.

ಇದನ್ನು ಗುರುತಿಸಿದ ಅಂತರರಾಷ್ಟ್ರೀಯ ಕಾನೂನೊಂದು ಇದೆಯೆಂದು ನನಗೆ ತಿಳಿದದ್ದು ನಿವೃತ್ತಿಯ ನಂತರ. ಎರಡನೆಯ ಮಹಾಯುದ್ಧದ ಹಾನಿಯನ್ನು ಕಂಡ ದೇಶಗಳು 1954ರ ಮೇ 14ರಂದು ನೆದರ್ಲೆಂಡಿನ ಹೇಗ್ ನಗರದಲ್ಲಿ, ಸಶಸ್ತ್ರ ಸಂಘರ್ಷದ ಕಾಲದಲ್ಲಿ ಸಾಂಸ್ಕೃತಿಕ ಸ್ವತ್ತನ್ನು ರಕ್ಷಿಸುವುದಕ್ಕಾಗಿ ಒಂದು ಒಪ್ಪಂದ ಮಾಡಿಕೊಂಡವು. ಭಾರತ 1958ರಲ್ಲಿ ಅದನ್ನು ಅಂಗೀಕರಿಸಿತು. ಅದರ ನಾಲ್ಕನೆಯ ಕಲಮು ಎರಡು ಮಾತು ಹೇಳುತ್ತದೆ. ಇಂಥ ಸ್ವತ್ತಿನ ಮೇಲೆ ದಾಳಿ ಮಾಡಬಾರದು ಎಂಬುದು ಎಲ್ಲರೂ ಊಹಿಸಬಹುದಾದ ಮಾತು. ಅದಕ್ಕಿಂತ ಮೊದಲೇ ಬರೆದಿರುವ ಮಾತು ಬೇರೆ: ಹಾನಿಗೆ ಗುರಿಮಾಡಬಹುದಾದ ಯಾವ ಕೆಲಸಕ್ಕೂ ಆ ಸ್ವತ್ತನ್ನಾಗಲಿ ಅದರ ಸುತ್ತಮುತ್ತಲಿನ ಜಾಗವನ್ನಾಗಲಿ ಬಳಸಬಾರದು. ಈ ಕಟ್ಟಳೆ ಶತ್ರುವಿನ ಸೈನ್ಯಕ್ಕೆ ಹೇಳಿದ್ದಲ್ಲ, ಸ್ವತ್ತು ಯಾರ ವಶದಲ್ಲಿದೆಯೋ ಅವರಿಗೆ ಹೇಳಿದ್ದು. ಗುಡಿಯ ಶಿಖರದ ಮೇಲೆ ದೂರದರ್ಶಕ ಹಿಡಿದು ಸಿಪಾಯಿಯನ್ನು ಕೂರಿಸಬೇಡಿ, ಶಾಲೆಯ ನೆಲಮನೆಯಲ್ಲಿ ಮದ್ದುಗುಂಡು ತುಂಬಬೇಡಿ, ಏಕೆಂದರೆ ಹಾಗೆ ಮಾಡಿದ ಗಳಿಗೆಯಲ್ಲಿ ಆ ಕಟ್ಟಡದ ಮೇಲಿನ ದಾಳಿಗೆ ಎದುರಾಳಿಯ ಕೈಯಲ್ಲಿ ನೀವೇ ಒಂದು ನೆಪ ಇಟ್ಟಂತಾಗುತ್ತದೆ. ಆ ಹುಡುಗಿಯ ಪ್ರಶ್ನೆಯನ್ನು ವಕೀಲರ ಭಾಷೆಗೆ ಇಳಿಸಿದರೆ ಇದೇ ಕಲಮು ಆಗುತ್ತದೆ.

ಕಲಮಿನಲ್ಲೇ ಒಂದು ಕಿಂಡಿಯೂ ಇದೆ. ಸೈನಿಕ ಅಗತ್ಯ ಅನಿವಾರ್ಯವಾಗಿ ಒತ್ತಾಯಿಸಿದಾಗ ಈ ಕಟ್ಟಳೆಯನ್ನು ಸಡಿಲಿಸಬಹುದಂತೆ. ಅನಿವಾರ್ಯ ಎಂಬುದನ್ನು ನಿರ್ಧರಿಸುವವನು ಯುದ್ಧಭೂಮಿಯಲ್ಲಿ ನಿಂತಿರುವ ಅಧಿಕಾರಿಯೇ ಆದ್ದರಿಂದ ಈ ಕಿಂಡಿಯಲ್ಲಿ ಆನೆಯೂ ನುಸುಳಬಹುದೆಂದು ಅನೇಕರು ದೂರಿದರು. 1999ರ ಎರಡನೆಯ ಪೂರಕ ಒಪ್ಪಂದ ಅದನ್ನು ಬಹಳಷ್ಟು ಕಿರಿದು ಮಾಡಿತು: ಸ್ವತ್ತನ್ನು ಅದರ ಬಳಕೆಯಿಂದಲೇ ಸೈನಿಕ ಗುರಿಯನ್ನಾಗಿ ಮಾಡಿರಬೇಕು, ಬೇರೆ ದಾರಿಯೂ ಇರಬಾರದು, ಆಗ ಮಾತ್ರ ದಾಳಿಯ ಮಾತು.

ಬಾಗ್ದಾದಿನ ದಕ್ಷಿಣಕ್ಕಿರುವ ಬಾಬಿಲೋನಿನಲ್ಲಿ 2003 ಮತ್ತು 2004ರಲ್ಲಿ ನಡೆದದ್ದನ್ನು ಓದಿದಾಗ ನಮ್ಮ ಮದರಸಾದ ಕಥೆಯನ್ನೇ ಯಾರೋ ಹೆಸರು ಬದಲಿಸಿ ಬರೆದಂತೆ ಕಂಡಿತು. ಅಮೆರಿಕದ ಸೇನೆ ಆ ಪ್ರಾಚೀನ ನಗರದ ಅವಶೇಷಗಳ ನಡುವೆಯೇ ಠಾಣ್ಯ ಹೂಡಿತು, ಆಮೇಲೆ ಪೋಲೆಂಡಿನ ಪಡೆಗಳು ಬಂದವು. ಲೂಟಿಕೋರರಿಂದ ಕಾಯಲು ಬಂದೆವೆಂಬುದು ಅವರ ಸಮಜಾಯಿಷಿ, ಅದರಲ್ಲಿ ಅರ್ಧ ನಿಜವೂ ಇತ್ತು. ಆದರೆ ಹೆಲಿಕಾಪ್ಟರ್ ಇಳಿಸಲು ನೆಲ ಸಮ ಮಾಡಿದರು, ಕಂದಕ ತೋಡಿದರು, ಮಡಕೆಯ ಚೂರುಗಳಿದ್ದ ಅಲ್ಲಿನ ಮಣ್ಣನ್ನೇ ಚೀಲಗಳಿಗೆ ತುಂಬಿ ಅಡ್ಡಗೋಡೆ ಮಾಡಿಕೊಂಡರು. ಎರಡು ಸಾವಿರದ ಆರುನೂರು ವರ್ಷಗಳ ಹಿಂದಿನ ಮೆರವಣಿಗೆ ಬೀದಿಯ ಇಟ್ಟಿಗೆಗಳು ಭಾರೀ ವಾಹನಗಳ ಕೆಳಗೆ ಒಡೆದವು. ಬ್ರಿಟಿಷ್ ಮ್ಯೂಸಿಯಮ್ಮಿನ ತಜ್ಞ ಜಾನ್ ಕರ್ಟಿಸ್ ಹೋಗಿ ನೋಡಿ ಈ ಹಾನಿಯನ್ನೆಲ್ಲ ವರದಿ ಮಾಡಿದರು. ಮೊಗಲ ಸರದಾರನಿಗಾದರೂ ಹೇಗ್ ಒಪ್ಪಂದದ ಸುದ್ದಿ ಇರಲಿಲ್ಲ. ಅಮೆರಿಕ 1954ರಲ್ಲೇ ಸಹಿ ಹಾಕಿತ್ತು. ಅಂಗೀಕರಿಸಿದ್ದು ಮಾತ್ರ 2009ರಲ್ಲಿ, ಬ್ರಿಟನ್ ಇನ್ನೂ ತಡವಾಗಿ 2017ರಲ್ಲಿ.

ಒಪ್ಪಂದಕ್ಕೊಂದು ಗುರುತೂ ಇದೆ, ನೀಲಿ ಮತ್ತು ಬಿಳಿ ಬಣ್ಣದ ಗುರಾಣಿ. ರೆಡ್ ಕ್ರಾಸ್ ಚಿಹ್ನೆ ಆಸ್ಪತ್ರೆಗೆ ಹೇಗೋ ಹಾಗೆ ಇದು ಕಟ್ಟಡಗಳಿಗೆ. ಅದಕ್ಕಿಂತ ಹಿಂದೆ ರಷ್ಯದ ಚಿತ್ರಕಾರ ನಿಕೊಲಸ್ ರೋರಿಕ್ ಇಂಥದೇ ಒಂದು ಗುರುತನ್ನು ಕಲ್ಪಿಸಿದ್ದರು: ಬಿಳಿಯ ಬಟ್ಟೆಯ ಮೇಲೆ ಕೆಂಪು ವೃತ್ತ, ಅದರೊಳಗೆ ಮೂರು ಕೆಂಪು ಬೊಟ್ಟು. ಅವರ ಹೆಸರಿನ ಒಪ್ಪಂದಕ್ಕೆ 1935ರ ಏಪ್ರಿಲ್ 15ರಂದು ವಾಷಿಂಗ್ಟನ್ನಿನಲ್ಲಿ ಅಮೆರಿಕ ಖಂಡಗಳ ದೇಶಗಳು ಸಹಿ ಹಾಕಿದವು. ಹಿಮಾಲಯದ ಕುಲುವಿನಲ್ಲಿ ನೆಲೆಸಿದ್ದ ಆ ರೋರಿಕ್ ಅವರ ಮಗನೇ ಬೆಂಗಳೂರಿನ ತಾತಗುಣಿ ತೋಟದಲ್ಲಿ ದೇವಿಕಾರಾಣಿಯವರೊಡನೆ ಬಾಳಿದ ಸ್ವೆತೊಸ್ಲಾವ್ ರೋರಿಕ್. ಆ ತೋಟದ ಆಸ್ತಿ ವಿವಾದ ನಮ್ಮ ಪತ್ರಿಕೆಗಳಲ್ಲಿ ಬಂದಷ್ಟು ಸಲ ಅಪ್ಪನ ಒಪ್ಪಂದದ ಸುದ್ದಿ ಬರಲಿಲ್ಲ.

ಗುರುತಿನಿಂದ ಕಟ್ಟಡ ಉಳಿಯುತ್ತದೆಯೇ? 1991ರ ಡಿಸೆಂಬರಿನಲ್ಲಿ ಕ್ರೊಯೇಶಿಯಾದ ಡುಬ್ರೋವ್ನಿಕ್ ನಗರದ ಹಳೆಯ ಕಟ್ಟಡಗಳ ಮೇಲೆ ಈ ನೀಲಿ ಗುರಾಣಿಯ ಬಾವುಟಗಳು ಹಾರುತ್ತಿದ್ದವು, ಯುಗೊಸ್ಲಾವ್ ಸೇನೆಯ ಗುಂಡುಗಳು ಹೇಗೂ ಬಿದ್ದವು. ಒಂದು ವ್ಯತ್ಯಾಸವಾಯಿತು. ಅಲ್ಲಿ ಏನಿತ್ತೆಂದು ನಮಗೆ ತಿಳಿದಿರಲಿಲ್ಲವೆಂದು ಮುಂದೆ ನ್ಯಾಯಾಲಯದಲ್ಲಿ ಸೇನಾಧಿಕಾರಿಗಳು ಹೇಳಲಾರದೆ ಹೋದರು, ಶಿಕ್ಷೆಯಾಯಿತು. ನಮ್ಮಲ್ಲಿ ಗುರುತು ತೋರಿಸುವ ಬದಲು ಮುಚ್ಚಿಡುವ ರೂಢಿ ಇತ್ತು: 1942ರಲ್ಲಿ ಜಪಾನಿನ ವಿಮಾನಗಳ ಭಯಕ್ಕೆ ತಾಜಮಹಲಿನ ಗುಮ್ಮಟವನ್ನು ಬಿದಿರಿನ ಅಟ್ಟಣಿಗೆಯಿಂದ ಮರೆಮಾಡಿದರು, 1971ರ ಯುದ್ಧದಲ್ಲಿ ಹಸಿರು ಬಟ್ಟೆ ಹೊದಿಸಿದರು. ಬೀದರಿನವರಿಗೆ ಇದು ದೂರದ ವಿಷಯವಲ್ಲ. ನಮ್ಮ ಊರಿನ ಅಂಚಿನಲ್ಲೇ ವಾಯುಸೇನೆಯ ತರಬೇತಿ ನೆಲೆ ಇದೆ, ತರಬೇತಿಯ ಜೆಟ್ ವಿಮಾನಗಳು ಮದರಸಾದ ಮೇಲೆ ಹಾದುಹೋಗುವಾಗ ಅಂಗಳದ ಪಾರಿವಾಳಗಳೆಲ್ಲ ಒಮ್ಮೆಲೇ ಏಳುತ್ತವೆ. ವಿಶೇಷ ರಕ್ಷಣೆ ಬೇಕಾದ ಸ್ವತ್ತು ವಿಮಾನ ನಿಲ್ದಾಣದಂಥ ಸೈನಿಕ ಗುರಿಗಳಿಂದ ಸಾಕಷ್ಟು ದೂರವಿರಬೇಕೆಂದು ಹೇಗ್ ಒಪ್ಪಂದದ ಎಂಟನೆಯ ಕಲಮು ಹೇಳುತ್ತದೆ. ಸಾಕಷ್ಟು ಎಂದರೆ ಎಷ್ಟು ಎಂಬುದನ್ನು ಅದು ಹೇಳುವುದಿಲ್ಲ.

ಇನ್ನು ಲೂಟಿಯ ಮಾತು. ಇದಕ್ಕೆ ನಾನು ಬಾಗ್ದಾದಿಗೆ ಹೋಗುವ ಮುನ್ನ ಮಳಖೇಡಕ್ಕೆ ಹೋಗಬೇಕು. ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿರುವ ಈ ಊರು ಒಂದು ಕಾಲಕ್ಕೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ, ಅಮೋಘವರ್ಷ ನೃಪತುಂಗನ ಆಸ್ಥಾನ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದೆಯೆಂದು ಬರೆದದ್ದು ಆ ಆಸ್ಥಾನದಲ್ಲಿ. 972ರಲ್ಲಿ ಮಾಳವದ ಪರಮಾರ ದೊರೆ ಸೀಯಕ ರಾಷ್ಟ್ರಕೂಟ ದೊರೆ ಖೊಟ್ಟಿಗನ ಸೈನ್ಯವನ್ನು ಬೆನ್ನಟ್ಟಿ ಬಂದು ಮಾನ್ಯಖೇಟವನ್ನು ಸೂರೆಮಾಡಿದ. ಅದೇ ವರ್ಷ ಧಾರಾನಗರದಲ್ಲಿ ಧನಪಾಲನೆಂಬ ಪಂಡಿತ ತನ್ನ ತಂಗಿ ಸುಂದರಿಗಾಗಿ ಪ್ರಾಕೃತದ ಒಂದು ನಿಘಂಟು ಬರೆದು ಮುಗಿಸಿದ. ಅದರ ಕೊನೆಗೆ ಕಾಲ ಹೇಳುವಾಗ, ಮಾಳವದವರು ಮಾನ್ಯಖೇಟವನ್ನು ಲೂಟಿಮಾಡಿದ ವರ್ಷವೆಂದು ಬರೆದ. ತಂಗಿಗೆ ಅಣ್ಣ ಪ್ರೀತಿಯಿಂದ ಕೊಟ್ಟ ಪುಸ್ತಕದಲ್ಲಿ ನಮ್ಮ ಊರಿನ ಸೂರೆ ಒಂದು ತಾರೀಖಾಗಿ ಕುಳಿತಿದೆ.

ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ತಾಮ್ರಪಟಗಳ ಕಥೆ. ರಾಜ ದತ್ತಿ ಕೊಟ್ಟಾಗ ದಾನ ಪಡೆದವನಿಗೆ ಒಂದು ತಾಮ್ರಶಾಸನ ಕೊಟ್ಟು, ಅರಮನೆಯ ಭಂಡಾರದಲ್ಲಿ ಅದರ ಪ್ರತಿ ಇಟ್ಟುಕೊಳ್ಳುತ್ತಿದ್ದರು. ಮಾಳವದ ಕಡೆ ದೊರೆತ ತಾಮ್ರಪಟಗಳಲ್ಲಿ ಒಂದು ವಿಚಿತ್ರ ಕಂಡುಬಂತು: ಸೀಯಕನ ಮಗ ಮುಂಜನ ಕಾಲದ ಶಾಸನವನ್ನು ರಾಷ್ಟ್ರಕೂಟ ದೊರೆ ನಾಲ್ಕನೆಯ ಗೋವಿಂದನ ಶಾಸನವಿದ್ದ ತಗಡಿನಲ್ಲೇ ಕೊರೆಯಲಾಗಿತ್ತು. ಸೂರೆಯ ಹೊತ್ತಿನಲ್ಲಿ ಬಂಗಾರ, ಆನೆ, ಕುದುರೆಗಳ ಜೊತೆಗೆ ದಫ್ತರಖಾನೆಯ ತಗಡುಗಳನ್ನೂ ಹೊತ್ತೊಯ್ದಿರಬೇಕೆಂಬುದು ಇತಿಹಾಸಕಾರರ ತರ್ಕ. ತೂಕಕ್ಕೆ ತಾಮ್ರ ಬಂತು, ಬರೆಯಲು ಹೊಸ ತಗಡು ಮಾಡಿಸುವ ಖರ್ಚು ಉಳಿಯಿತು. ಯಾವ ಊರನ್ನು ಯಾರಿಗೆ ಬಿಟ್ಟುಕೊಟ್ಟಿತ್ತು, ಕೆರೆಯ ಮೂಡಣ ಗಡಿ ಯಾವುದು, ಆ ಜಮೀನಿನ ಒಕ್ಕಲು ಯಾರು ಎಂಬ ಇಡೀ ಒಂದು ನಾಡಿನ ಲೆಕ್ಕ ಗುಜರಿಯಾಯಿತು. ಇಲ್ಲಿಯೂ ದ್ವೇಷಕ್ಕಿಂತ ಅನುಕೂಲವೇ ದೊಡ್ಡದಾಗಿತ್ತೆಂದು ನನಗನಿಸುತ್ತದೆ.

ಬಾಗ್ದಾದಿನ ಇರಾಕ್ ಮ್ಯೂಸಿಯಮ್ಮು 2003ರ ಏಪ್ರಿಲ್ 10ರಿಂದ 12ರವರೆಗೆ ಲೂಟಿಯಾಯಿತು. ಮೊದಲ ವಾರ ಪತ್ರಿಕೆಗಳು ಒಂದು ಲಕ್ಷ ಎಪ್ಪತ್ತು ಸಾವಿರ ವಸ್ತುಗಳು ಹೋದವೆಂದು ಬರೆದವು, ಎಣಿಕೆ ಮುಂದುವರಿದಂತೆ ಅದು ಹದಿನೈದು ಸಾವಿರದ ಸುಮಾರಿಗೆ ಇಳಿಯಿತು. ಸಿಬ್ಬಂದಿ ಕೆಲವನ್ನು ಮೊದಲೇ ಬೇರೆಡೆ ಸಾಗಿಸಿ ಗುಟ್ಟಾಗಿಟ್ಟಿದ್ದರೆಂಬುದು ಆ ಇಳಿಕೆಗೆ ಒಂದು ಕಾರಣ. ಇರಾಕಿನ ಪ್ರಾಚೀನ ನಗರ ವಾರ್ಕಾದ, ಐದು ಸಾವಿರ ವರ್ಷ ಹಳೆಯದಾದ ಕಲ್ಲಿನ ಹೂಜಿಯನ್ನು ಜೂನ್ ತಿಂಗಳಲ್ಲಿ ಮೂವರು ಯುವಕರು ಕಾರಿನಲ್ಲಿ ತಂದು ಒಪ್ಪಿಸಿ ಹೋದರು. ತೋಟವೊಂದರ ಮಣ್ಣಿನಲ್ಲಿ ಹೂತಿಟ್ಟಿದ್ದ ವಾರ್ಕಾದ ಹೆಂಗಸಿನ ಅಮೃತಶಿಲೆಯ ಮುಖ ಸೆಪ್ಟೆಂಬರಿನಲ್ಲಿ ಸಿಕ್ಕಿತು. ಇವು ಮರಳಿ ಬಂದದ್ದಕ್ಕೆ ಕಾರಣ, ಇವುಗಳ ಚಿತ್ರ ಜಗತ್ತಿನ ಪಠ್ಯಪುಸ್ತಕಗಳಲ್ಲೆಲ್ಲ ಇತ್ತು, ಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ. ಉಗ್ರಾಣದಲ್ಲಿದ್ದ ಬೆರಳಗಲದ ಮುದ್ರೆಗಳು, ಮಣಿಗಳು ಸಾವಿರಗಟ್ಟಲೆ ಹೋದವು. ಅಂಗಿಯ ಜೇಬಿನಲ್ಲಿ ಹಿಡಿಯುವಂಥವು, ಹೊರಗಿನವರು ಕಂಡೇ ಇರದಂಥವು.

ಚಿತ್ರವಿಲ್ಲದ ವಸ್ತುವಿನ ಪಾಡು ಏನೆಂಬುದನ್ನು ನಾನು ಯುದ್ಧವಿಲ್ಲದ ಕಾಲದಲ್ಲೇ ನೋಡಿದ್ದೇನೆ. ನಮ್ಮ ತಾಯಿಯ ತವರೂರಿನ ಗುಡಿಯಿಂದ, ಹದಿನೈದು ವರ್ಷದ ಹಿಂದೆ, ಒಂದು ಗೇಣು ಎತ್ತರದ ಪಂಚಲೋಹದ ಉತ್ಸವಮೂರ್ತಿ ಕಳವಾಯಿತು. ಠಾಣೆಗೆ ಹೋದರೆ ಸಾಹೇಬರು ಮೊದಲು ಕೇಳಿದ್ದು, “ಫೋಟೊ ಅದನು?” ಊರಿನ ಐದು ಜನ ಐದು ಅಳತೆ ಹೇಳಿದರು. ಕೈಯಲ್ಲಿ ತ್ರಿಶೂಲವಿತ್ತೆಂದು ಪೂಜಾರಿ, ಖಡ್ಗವಿತ್ತೆಂದು ಪೂಜಾರಿಯ ತಮ್ಮ. ಮನೆಮನೆ ಹುಡುಕಿದ ಮೇಲೆ ಒಂದು ಮದುವೆಯ ಆಲ್ಬಮ್ಮಿನಲ್ಲಿ ಮೂರ್ತಿ ಕಾಣುವ ಒಂದೇ ಫೋಟೊ ಸಿಕ್ಕಿತು. ಅದರಲ್ಲೂ ಸೊಂಟದಿಂದ ಮೇಲಿನ ಭಾಗ ಮದುಮಗನ ಬಾಸಿಂಗದ ಹಿಂದೆ ಮುಚ್ಚಿಹೋಗಿತ್ತು. ದಿನಾ ಕೈಮುಗಿಯುತ್ತಿದ್ದ ದೇವರನ್ನು ಯಾರೂ ನೋಡಿಯೇ ಇರಲಿಲ್ಲ. ನೂರು ವರ್ಷಕ್ಕಿಂತ ಹಳೆಯ ಇಂಥ ವಸ್ತುಗಳಿಗಾಗಿ 1972ರ ಕಾಯಿದೆ ಇದೆ, ನೋಂದಣಿಯ ವ್ಯವಸ್ಥೆ ಇದೆ. ನಾನೇ ಎರಡು ಸಲ ಊರ ಹಿರಿಯರಿಗೆ ಹೇಳಿದ್ದೆ. ಸರ್ಕಾರದ ಪುಸ್ತಕದಲ್ಲಿ ಹೆಸರು ಬಂದರೆ ದೇವರನ್ನೇ ಒಯ್ದಾರು ಎಂದು ಅವರು ಹೆದರಿದ್ದರು. ಹೇಗ್ ಒಪ್ಪಂದದ ಮೂರನೆಯ ಕಲಮು, ರಕ್ಷಣೆಯ ಸಿದ್ಧತೆ ಶಾಂತಿಕಾಲದಲ್ಲೇ ಆಗಬೇಕೆನ್ನುತ್ತದೆ. ಅದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಬಾಸಿಂಗ.

ಉಳಿದದ್ದು ಹೇಗೆ ಉಳಿಯಿತೆಂದು ನೋಡಿದರೆ, ಹೆಚ್ಚಿನ ಕಡೆ ಸೈನ್ಯವೂ ಕಾಣುವುದಿಲ್ಲ, ಒಪ್ಪಂದವೂ ಕಾಣುವುದಿಲ್ಲ; ಬಾಯಿ ಬಿಡದ ಕೆಲವು ಮನುಷ್ಯರು ಕಾಣುತ್ತಾರೆ. ಕಾಬೂಲ್ ಮ್ಯೂಸಿಯಮ್ಮಿನ ನೌಕರರು ತಿಲ್ಯಾ ತೇಪೆಯ ಪ್ರಾಚೀನ ಗೋರಿಗಳಲ್ಲಿ ಸಿಕ್ಕ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬಂಗಾರದ ತುಣುಕುಗಳನ್ನು 1980ರ ದಶಕದ ಕೊನೆಗೆ ಅಧ್ಯಕ್ಷರ ಅರಮನೆಯ ತಿಜೋರಿಗೆ ಸೇರಿಸಿ, ಅಂತರ್ಯುದ್ಧ ಮತ್ತು ತಾಲಿಬಾನಿನ ವರ್ಷಗಳುದ್ದಕ್ಕೂ ಸುಮ್ಮನಿದ್ದರು. ಬಂಗಾರ ಕರಗಿಹೋಯಿತೆಂದು ಜಗತ್ತು ನಂಬಿತ್ತು, 2004ರಲ್ಲಿ ಪೆಟ್ಟಿಗೆ ತೆರೆದಾಗ ಎಲ್ಲವೂ ಇತ್ತು. ಮಾಲಿ ದೇಶದ ತಿಂಬಕ್ತು ನಗರ 2012ರಲ್ಲಿ ಸಶಸ್ತ್ರ ಗುಂಪುಗಳ ಕೈಗೆ ಹೋದಾಗ ಅಬ್ದೆಲ್ ಖಾದರ್ ಹೈದರಾ ಎಂಬ ಗ್ರಂಥಪಾಲಕ ಊರಿನ ಕುಟುಂಬಗಳೊಡನೆ ಸೇರಿ ಲಕ್ಷಗಟ್ಟಲೆ ಹಸ್ತಪ್ರತಿಗಳನ್ನು ತಗಡಿನ ಪೆಟ್ಟಿಗೆಗಳಲ್ಲಿ ತುಂಬಿ, ರಾತ್ರಿಯ ಹೊತ್ತು ಕಾರುಗಳಲ್ಲಿ, ನೈಜರ್ ನದಿಯ ದೋಣಿಗಳಲ್ಲಿ ಬಮಾಕೊ ನಗರಕ್ಕೆ ಸಾಗಿಸಿದರು. ಓಡಿಹೋಗುವ ಮುನ್ನ ಆ ಗುಂಪುಗಳು ಊರಿನ ಅಹಮದ್ ಬಾಬಾ ಸಂಸ್ಥೆಯಲ್ಲಿ ಸುಟ್ಟ, ಕದ್ದ ಹಸ್ತಪ್ರತಿಗಳು ಎಲ್ಲ ಸೇರಿ ನಾಲ್ಕು ಸಾವಿರದಷ್ಟು.

ಪುಸ್ತಕ ಹೊತ್ತು ಓಡುವ ಚಿತ್ರ ನಮ್ಮ ಜಿಲ್ಲೆಯವರಿಗೆ ಹೊಸದೇ? ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಕ್ಷೋಭೆಯಾದಾಗ ಶರಣರು ವಚನದ ಕಟ್ಟುಗಳನ್ನು ಹೊತ್ತು, ಬೆನ್ನಟ್ಟಿದ ಸೈನ್ಯದೊಡನೆ ಕಾದುತ್ತ ಉಳವಿಯ ಕಡೆ ನಡೆದರೆಂಬ ಕಥೆಯನ್ನು ಕೇಳಿಯೇ ನಾವು ಬೆಳೆದವರು. ಯಾವ ಕಟ್ಟು ಯಾವ ದಾರಿಯಲ್ಲಿ ಹೋಯಿತೋ, ಏಳುನೂರು ವರ್ಷಗಳ ನಂತರ ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ಮನೆಮನೆಯ ಜಗಲಿಯ ಮೇಲಿಂದ, ಅಟ್ಟದ ಮೇಲಿಂದ ಓಲೆಗರಿಗಳನ್ನು ಬೇಡಿ ತಂದು, ಸ್ವಂತ ಮನೆ ಮಾರಿ ಮುದ್ರಿಸಬೇಕಾಯಿತು. ಆ ಮನೆಗಳವರಿಗೆಲ್ಲ ತಾವು ಕಾಯುತ್ತಿರುವುದು ಏನೆಂಬುದು ತಿಳಿದಿತ್ತೆಂದು ಹೇಳಲಾಗದು. ದಸರೆಗೊಮ್ಮೆ ಕಟ್ಟಿಗೆ ಅರಿಸಿಣ ಕುಂಕುಮ ಹಚ್ಚಿ ಪೂಜಿಸಿ ಮತ್ತೆ ಅಟ್ಟಕ್ಕೇರಿಸುತ್ತಿದ್ದರು, ಅಷ್ಟೇ.

ನಮ್ಮ ಮನೆಯಲ್ಲೂ ಅಂಥದೊಂದು ಕಟ್ಟು ಇದೆ. 1948ರಲ್ಲಿ, ರಜಾಕಾರರ ಹಾವಳಿಯ ಬೇಸಿಗೆಯಲ್ಲಿ, ನಮ್ಮ ತಾಯಿಯ ತಾಯಿ, ನಾವು ಆಯಿ ಎನ್ನುತ್ತಿದ್ದವಳು, ಅದನ್ನು ಕಂಬಳಿಯ ಚೂರಿನಲ್ಲಿ ಸುತ್ತಿ, ಮನೆಯ ತಾಮ್ರದ ಹಂಡೆಗಳ ಜೊತೆಗೆ ಹಗೇವಿನೊಳಗೆ ಇಳಿಸಿ ಮೇಲೆ ಜೋಳ ಸುರಿದಿದ್ದಳು. ನೆಲದೊಳಗಿನ ಆ ಕಣಜದ ಬಾಯಿ ಎಲ್ಲಿದೆಯೆಂಬುದು ಮನೆಯವರಿಗೆ ಮಾತ್ರ ಗೊತ್ತಿರುತ್ತಿತ್ತು. ಸೆಪ್ಟೆಂಬರಿನಲ್ಲಿ ಪೊಲೀಸ್ ಆ್ಯಕ್ಷನ್ ಆಯಿತು, ಹೈದರಾಬಾದ್ ಸಂಸ್ಥಾನ ಮುಗಿಯಿತು, ಆಮೇಲೆ ಹೆದರುವ ಸರದಿ ಎದುರು ಮನೆಯವರದಾಯಿತು. ಆ ತಿಂಗಳುಗಳಲ್ಲಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರ, ಗುಲ್ಬರ್ಗಾ ಎರಡೂ ಇದ್ದವೆಂದು, ಆಗಿನ ಹಿಂಸೆಯನ್ನು ವಿಚಾರಿಸಲು ಸರ್ಕಾರ ಕಳಿಸಿದ್ದ ಸುಂದರಲಾಲ್ ಸಮಿತಿ ಬರೆದಿದೆ. ಎದುರು ಮನೆಯ ಯಜಮಾನರು ಫಾರಸಿ ಸನದುಗಳೂ ಪುಸ್ತಕಗಳೂ ಇದ್ದ ಪೆಟ್ಟಿಗೆಯೊಂದನ್ನು ನಮ್ಮ ಅಜ್ಜನ ಕೈಗೆ ಕೊಟ್ಟು ಹೈದರಾಬಾದಿಗೆ ಹೋದರು, ಅದೂ ಅದೇ ಹಗೇವಿಗೆ ಇಳಿಯಿತು. ಆಯಿ ಈ ಕಥೆಯನ್ನು ದೊಡ್ಡಸ್ತಿಕೆಯಿಂದ ಎಂದೂ ಹೇಳಿದವಳಲ್ಲ. “ಅವರ ಪೆಟಗಿ ಇಟ್ಟು ನಮ್ಮ ಜ್ವಾಳ ಮುಗ್ಗಲು ಬಂತು, ಎರಡು ಚೀಲ ದನಕ್ಕ ಹಾಕಿದ್ವಿ” ಎಂದು ಕೊನೆ ತನಕ ಗೊಣಗುತ್ತಿದ್ದಳು. ಕೆಲವು ವರ್ಷಗಳ ಮೇಲೆ ಅವರ ಮಗ ಬಂದು ಪೆಟ್ಟಿಗೆ ಒಯ್ದನಂತೆ, ಜೋಳದ ಮಾತು ಯಾರೂ ಎತ್ತಲಿಲ್ಲವಂತೆ.

ತಪ್ಪಿತಸ್ಥರಿಗೆ ಶಿಕ್ಷೆಯಾಗುವುದೇ ಇಲ್ಲವೆಂದು ಈಗ ಹೇಳುವಂತಿಲ್ಲ. ತಿಂಬಕ್ತುವಿನ ಸಂತರ ಗೋರಿಗಳನ್ನು ಕೆಡವಿಸಿದ ಅಹಮದ್ ಅಲ್ ಮಹದಿಗೆ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2016ರ ಸೆಪ್ಟೆಂಬರ್ 27ರಂದು ಒಂಬತ್ತು ವರ್ಷದ ಸೆರೆ ವಿಧಿಸಿತು. ಪರಂಪರೆಯ ನಾಶವೊಂದೇ ಆರೋಪವಾಗಿದ್ದ ಮೊದಲ ಮೊಕದ್ದಮೆ ಅದು. ಅವನು ತಪ್ಪೊಪ್ಪಿಕೊಂಡು ಕ್ಷಮೆ ಕೇಳಿದ. ಮರುವರ್ಷ 27 ಲಕ್ಷ ಯೂರೊ ಪರಿಹಾರದ ಆದೇಶವಾಯಿತು. ಅಷ್ಟರೊಳಗೆ ಊರಿನ ಗಾರೆಯವರೇ ಹಳೆಯ ತಳಪಾಯ ನೋಡಿ, ಮುದುಕರನ್ನು ಕೇಳಿ ಗೋರಿಗಳನ್ನು ಮತ್ತೆ ಮಣ್ಣಿನಿಂದ ಕಟ್ಟಿಬಿಟ್ಟಿದ್ದರು. ನನಗೆ ತೀರ್ಪಿಗಿಂತ ಈ ಗಾರೆಯವರ ಮೇಲೆ ಅಸೂಯೆ. ಬಿದರಿ ಕೆಲಸದವರು ನಮ್ಮ ಊರಲ್ಲಿ ಉಳಿದಿದ್ದಾರೆ, ಕೋಟೆಯ ಮಣ್ಣಿನ ಗುಣವನ್ನು ನಾಲಿಗೆಗೆ ಹಚ್ಚಿ ಹೇಳುವವರು ಇದ್ದಾರೆ. ಗವಾನನ ಗೋಡೆಗೆ ನೀಲಿ ಹೆಂಚು ಸುಟ್ಟುಕೊಟ್ಟವರ ಕೈ ಮಾತ್ರ ಉಳಿಯಲಿಲ್ಲ. ಬಿದ್ದ ಅರ್ಧವನ್ನು ಸಾದಾ ಕಲ್ಲು ಗಾರೆಯಲ್ಲಿ ಬಲಪಡಿಸಿ ನಿಲ್ಲಿಸಲಾಗಿದೆ, ಅದು ಸರಿಯೂ ಹೌದು.

ತೀರ್ಪು ಬಂದ ಮಾತ್ರಕ್ಕೆ ಲೂಟಿ ನಿಂತಿಲ್ಲ. 2022ರ ನವೆಂಬರಿನಲ್ಲಿ ರಷ್ಯದ ಪಡೆಗಳು ಹಿಂದೆ ಸರಿಯುವಾಗ ಉಕ್ರೇನಿನ ಖೆರ್ಸಾನ್ ಕಲಾ ಸಂಗ್ರಹಾಲಯದಿಂದ ಹತ್ತು ಸಾವಿರಕ್ಕೂ ಹೆಚ್ಚು ಕೃತಿಗಳನ್ನು ಲಾರಿಗಳಲ್ಲಿ ಒಯ್ದವು. 2023ರಲ್ಲಿ ಖಾರ್ಟೂಮಿನ ಸುಡಾನ್ ರಾಷ್ಟ್ರೀಯ ವಸ್ತುಸಂಗ್ರಹಾಲಯ ಅರೆಸೇನಾ ಪಡೆಯ ಕೈಸೇರಿ ಬರಿದಾಯಿತು. ಒಯ್ದ ಕ್ಯಾನ್ವಾಸುಗಳಲ್ಲಿ ಕೆಲವನ್ನು ಖೆರ್ಸಾನಿನವರು ಸುದ್ದಿಯ ಚಿತ್ರಗಳಲ್ಲಿ ಒಂದೊಂದಾಗಿ ಗುರುತಿಸಿ ಹೆಸರು ಬರೆಯುತ್ತಿದ್ದಾರೆ. ಗುರುತಿಸಲು ಅವರ ಬಳಿ ಪಟ್ಟಿ ಇತ್ತು.

ಹೋದ ದಸರೆಗೆ ನಾನು ಆಯಿಯ ಕಟ್ಟನ್ನು ಪೂಜೆಯ ನಂತರ ಅಟ್ಟಕ್ಕೇರಿಸಲಿಲ್ಲ. ಊಟದ ಮೇಜಿನ ಮೇಲೆ ಬಿಳಿಯ ಧೋತರ ಹಾಸಿ, ಪಕ್ಕದಲ್ಲಿ ಮೊಮ್ಮಗನ ಕಂಪಾಸು ಪೆಟ್ಟಿಗೆಯ ಸ್ಕೇಲು ಇಟ್ಟು, ಸೊಸೆಯ ಕೈಗೆ ಫೋನು ಕೊಟ್ಟೆ. ಒಂದೊಂದೇ ಗರಿ ಬಿಡಿಸಿ ಇಡುವುದು, ಅವಳು ಎರಡೂ ಮಗ್ಗುಲು ಫೋಟೊ ತೆಗೆಯುವುದು, ನಾನು ರಿಜಿಸ್ಟರಿನಲ್ಲಿ ಬರೆಯುವುದು: ಉದ್ದ ಇಷ್ಟು, ಅಗಲ ಇಷ್ಟು, ದಾರದ ರಂಧ್ರ ಎರಡು, ಎಡ ಅಂಚು ಹುಳು ತಿಂದಿದೆ. ಗರಿಗಳ ಸಂದಿನಲ್ಲಿ ಒಂದು ಜೋಳದ ಕಾಳು ಸಿಕ್ಕಿತು, ಅದನ್ನೂ ಬರೆದೆ. ಹದಿನೆಂಟರ ನಂತರ ಇಪ್ಪತ್ತು ಬಂತು. ತಪ್ಪಿತೇನೋ ಎಂದು ಹಿಂದಕ್ಕೆ ಹೋಗಿ ನೋಡುತ್ತಿರುವಾಗ ಮನೆಯ ಮೇಲೆ ಜೆಟ್ ಹಾರಿತು, ಕಿಟಕಿಯ ಗಾಜು ಅದುರಿತು, ಮೇಜಿನ ಮೇಲಿನ ಗರಿಗಳು ಸಣ್ಣಗೆ ಸರಿದವು. ಸದ್ದು ಅಷ್ಟೂರಿನ ಗುಮ್ಮಟಗಳ ಕಡೆಗೆ ದಾಟುವವರೆಗೆ ಗರಿಗಳ ಮೇಲೆ ಅಂಗೈ ಊರಿಕೊಂಡು ಕೂತಿದ್ದು, ರಿಜಿಸ್ಟರಿನಲ್ಲಿ ಹತ್ತೊಂಬತ್ತರ ಮುಂದೆ ‘ಇಲ್ಲ’ ಎಂದು ಬರೆದು, ಇಪ್ಪತ್ತನೆಯದನ್ನು ಸ್ಕೇಲಿನ ಪಕ್ಕಕ್ಕೆ ಇಟ್ಟೆ.